ಮನೆ ಮಾರುವ ಮುಂಚೆ: ಮೊದಲು ನೀರು, ಆಮೇಲೆ ಗಾರೆ, ಕೊನೆಗೆ ಬಣ್ಣ

ಮನೆ ಮಾರಬೇಕು ಎಂದು ಮನಸ್ಸು ಮಾಡಿದ ಕೂಡಲೇ ಹೆಚ್ಚಿನವರು ಫೋನ್ ಮಾಡುವುದು ಪೇಂಟರ್‌ಗೆ. ಕೆಲಸ ಕೆಡುವುದು ಅಲ್ಲೇ.

ಮೈಸೂರಿನ ಕುವೆಂಪುನಗರದಲ್ಲಿದ್ದ ನಮ್ಮ ತಂದೆಯ ಮನೆ ಮಾರುವಾಗ ನಾನೂ ಹಾಗೇ ಮಾಡಿದ್ದೆ. ಜೂನ್ ತಿಂಗಳಲ್ಲಿ 85 ಸಾವಿರ ರೂಪಾಯಿ ಖರ್ಚು ಮಾಡಿ ಒಳಗೆ ಹೊರಗೆ ಬಣ್ಣ ಹೊಡೆಸಿದೆ. ಆಗಸ್ಟ್‌ನಲ್ಲಿ ಒಂದು ಕುಟುಂಬ ನೋಡಲು ಬಂತು. ಹಾಲ್‌ನಲ್ಲಿ ನಿಂತು ಮಾತಾಡುತ್ತಲೇ ಆ ಮನೆಯಾಕೆ ಕಿಟಕಿ ಕೆಳಗಿನ ಗೋಡೆಗೆ ಹೆಬ್ಬೆರಳು ಒತ್ತಿದರು. ಹೊಸ ಬಣ್ಣ ಹಪ್ಪಳದ ಹಾಗೆ ಮುರಿಯಿತು. ಒಳಗಿನಿಂದ ಒದ್ದೆ ಪುಡಿ ಉದುರಿತು. ಅವರು ಏನೂ ಅನ್ನಲಿಲ್ಲ. ಕೈ ಒರೆಸಿಕೊಂಡು, "ಮನೇಲಿ ಮಾತಾಡಿ ಹೇಳ್ತೀವಿ ಸಾರ್" ಎಂದು ಹೊರಟರು. ಆಮೇಲೆ ಫೋನ್ ಬರಲಿಲ್ಲ.

ಅದಾದ ಮೇಲೆ ನೆಂಟರದ್ದು, ಅಕ್ಕಪಕ್ಕದವರದ್ದು ಅಂತ ಸರಸ್ವತಿಪುರಂ, ರಾಮಕೃಷ್ಣನಗರ, ಮಂಡ್ಯದ ಸುಭಾಷ್‌ನಗರದಲ್ಲೆಲ್ಲ ಮನೆ ಸಿದ್ಧ ಮಾಡುವ ಕೆಲಸಕ್ಕೆ ಕೈ ಜೋಡಿಸಿದ್ದೇನೆ. ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಮಾಡುವ ಕೆಲಸ ಸರಿಯಾಗಿಯೇ ಇರುತ್ತದೆ, ಮಾಡುವ ಕ್ರಮ ತಪ್ಪಿರುತ್ತದೆ. ಅದಕ್ಕೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನಿಮ್ಮ ಮನೆಗೆ ಬೇಡದ ಹಂತ ಬಿಡಿ. ಹಿಂದುಮುಂದು ಮಾತ್ರ ಮಾಡಬೇಡಿ.

## ಯಾವಾಗ ಶುರು ಮಾಡಬೇಕು?

ಮೈಸೂರಿನಲ್ಲಿ ಏಪ್ರಿಲ್-ಮೇ ತಿಂಗಳ ಸಂಜೆ ಮಳೆ ಜೋರು. ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಿಡಿದು ಹೊಡೆಯುತ್ತದೆ. ಮನೆ ಎಲ್ಲಿ ಸೋರುತ್ತದೆ ಎಂದು ತಿಳಿಯುವುದು ಆಗಲೇ. ಹಾಗಾಗಿ ದಸರಾ ಹೊತ್ತಿನ ಮಳೆಯಲ್ಲಿ ಸೋರುವ ಜಾಗ ಗುರುತು ಮಾಡಿಕೊಳ್ಳಿ. ನವೆಂಬರ್‌ನಲ್ಲಿ ರಿಪೇರಿ ಮಾಡಿಸಿ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ, ಮನೆ ವ್ಯವಹಾರಕ್ಕೆ ಕೈ ಹಾಕುವವರು ಕಡಿಮೆ. ಆ ಒಂದು ತಿಂಗಳು ಗೋಡೆ ಒಣಗಲಿ. ಸಂಕ್ರಾಂತಿ ಮುಗಿದ ಮೇಲೆ ಬಣ್ಣ, ಫೆಬ್ರುವರಿಯಲ್ಲಿ ಫೋಟೋ. ಯುಗಾದಿ, ಅಕ್ಷಯ ತೃತೀಯ ಅಂತ ಜನ ಮನೆ ಹುಡುಕುತ್ತಾ ಓಡಾಡುವ ಹೊತ್ತಿಗೆ ನಿಮ್ಮ ಮನೆ ತಯಾರಿರುತ್ತದೆ.

ಅಷ್ಟು ಕಾಯಲು ಆಗದಿದ್ದರೆ ಕನಿಷ್ಠ ಎಂಟು ವಾರ ಇಟ್ಟುಕೊಳ್ಳಿ. ನಡುವೆ ಆಷಾಢವೋ ಪಿತೃಪಕ್ಷವೋ ಬಂದರೆ ಬೇಜಾರು ಬೇಡ. ಆ ದಿನಗಳಲ್ಲಿ ಅಡ್ವಾನ್ಸ್ ಕೊಡಲು ಜನ ಹಿಂಜರಿಯುತ್ತಾರೆ. ಒಳಗಿನ ಕೆಲಸ ಮಾಡಿಸಿಕೊಳ್ಳಲು ಅದು ಒಳ್ಳೆ ಸಮಯ.

## ಕೈಗೆ ಸಿಗುವಂತೆ ಇರಬೇಕಾದ ಸಾಮಾನು

ಒಂದು ಒಳ್ಳೆ ಟಾರ್ಚ್, ಅಳತೆ ಟೇಪು, ಸೀಮೆಸುಣ್ಣ, ಪೆನ್ಸಿಲ್, ಅಗಲದ ಅಂಟು ಟೇಪು, ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ನಾಲ್ಕು, ಕರೆಂಟ್ ಟೆಸ್ಟರ್, ಸ್ಕ್ರೂಡ್ರೈವರ್, ತಂತಿ ಬ್ರಷ್, ಉಪ್ಪುಕಾಗದ. ಜೊತೆಗೆ 100 ಪುಟದ ಒಂದು ನೋಟ್‌ಬುಕ್. ನೋಟ್‌ಬುಕ್ ತಪ್ಪಿಸಬೇಡಿ. ಕೋಣೆಗೆ ಒಂದು ಪುಟ ಬಿಡಿ. ಕೊನೆ ಹಂತದವರೆಗೂ ಅದು ಬೇಕಾಗುತ್ತದೆ.

## ಹಂತ 1: ಕಾಗದಪತ್ರದ ಫೈಲು

ಗೋಡೆಗೂ ಕಾಗದಕ್ಕೂ ಏನು ಸಂಬಂಧ ಅನ್ನಿಸಬಹುದು. ಸಂಬಂಧ ಇದೆ. ಮನೆ ಕೆಲಸ ಎರಡು ತಿಂಗಳಲ್ಲಿ ಮುಗಿಯುತ್ತದೆ, ಕಾಗದ ಮುಗಿಯದೇ ಇರಬಹುದು. ಅಷ್ಟರಲ್ಲಿ ಹೊಸ ಬಣ್ಣಕ್ಕೆ ಮತ್ತೊಂದು ಮಳೆಗಾಲ ಬರುತ್ತದೆ. ಅದಕ್ಕೇ ಮೊದಲ ದಿನವೇ ಕಾಗದದ ಕೆಲಸಕ್ಕೆ ಕೈ ಹಾಕಿ.

ಫೈಲಿನಲ್ಲಿ ಇರಬೇಕಾದ್ದು: ಕ್ರಯಪತ್ರ, ಅದಕ್ಕಿಂತ ಹಿಂದಿನ ಮೂಲ ಪತ್ರಗಳು, ಖಾತಾ (ಮನೆ ಯಾರ ಹೆಸರಲ್ಲಿದೆ ಎಂಬ ಪಾಲಿಕೆಯ ದಾಖಲೆ), ಈ ವರ್ಷದ ಕಂದಾಯ ಕಟ್ಟಿದ ರಸೀದಿ, ಮಂಜೂರಾದ ನಕ್ಷೆ, ಋಣಭಾರ ಪತ್ರ ಅಂದರೆ ಇಸಿ (ಮನೆಯ ಮೇಲಿನ ಸಾಲ, ವ್ಯವಹಾರಗಳ ದಾಖಲೆ), ಕರೆಂಟು ಮತ್ತು ನೀರಿನ ಈಚಿನ ಬಿಲ್ಲು. ನಗರಾಭಿವೃದ್ಧಿ ಪ್ರಾಧಿಕಾರದಿಂದ ಹಂಚಿಕೆಯಾದ ಸೈಟಾದರೆ ಹಂಚಿಕೆ ಪತ್ರ ಮತ್ತು ಸ್ವಾಧೀನ ಪತ್ರವೂ ಬೇಕು. ಇಸಿಯನ್ನು ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲೇ ಪಡೆಯಬಹುದು. ಇ-ಖಾತಾ, ಅಂದರೆ ಖಾತಾದ ಆನ್‌ಲೈನ್ ರೂಪ, ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ. ಅದಿಲ್ಲದೆ ಈಗ ನೋಂದಣಿ ನಡೆಯುವುದಿಲ್ಲ.

ಹಳೆಯ ಬಡಾವಣೆಗಳಲ್ಲಿ ಜಾಸ್ತಿ ಕಾಣುವ ತೊಂದರೆ ಒಂದಿದೆ. ಮನೆ ತೀರಿಕೊಂಡ ತಂದೆಯ ಹೆಸರಲ್ಲೇ ಉಳಿದಿರುತ್ತದೆ. ವಿಲ್ ಇಲ್ಲದಿದ್ದರೆ ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಹಕ್ಕು ಇರುತ್ತದೆ, ಎಲ್ಲರ ಸಹಿಯೂ ಬೇಕು. ಮದುವೆಯಾಗಿ ಬೇರೆ ಊರಲ್ಲಿರುವ ಅಕ್ಕ-ತಂಗಿಯರ ಜೊತೆ ಮೊದಲೇ ಕೂತು ಮಾತಾಡಿ. ಕೊಳ್ಳುವವರು ಒಪ್ಪಿದ ಮೇಲೆ ಫೋನ್ ಮಾಡಿ "ಸಹಿ ಹಾಕಲು ಬಾ" ಎಂದರೆ ಯಾರಿಗೂ ಬೇಸರ ಆಗುತ್ತದೆ, ಅಲ್ವಾ?

ಸಾಲ ತೀರಿಸಿದ್ದರೆ ಬ್ಯಾಂಕ್ ಕೊಟ್ಟ ಪತ್ರ ಇದ್ದರಷ್ಟೇ ಸಾಲದು. ಇಸಿಯಲ್ಲಿ ಅಡಮಾನ ರದ್ದಾಗಿರುವುದು ಕಾಣಬೇಕು. ನೀವೇ ಒಮ್ಮೆ ಓದಿ ನೋಡಿ.

ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೊಳ್ಳುವವರು ಶೇ 1ರಷ್ಟು ಟಿಡಿಎಸ್ (ನಿಮಗೆ ಕೊಡುವ ಹಣದಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಅದಕ್ಕೆ ನಿಮ್ಮ ಪಾನ್ ಕಾರ್ಡಿನ ಪ್ರತಿ ಬೇಕು. ಮಾರುವವರು ವಿದೇಶದಲ್ಲಿದ್ದರೆ ಈ ಲೆಕ್ಕ ಬೇರೆ, ಲೆಕ್ಕ ಪರಿಶೋಧಕರನ್ನು ಕೇಳಿ.

ಎಚ್ಚರಿಕೆ: ಮೂಲ ಪತ್ರಗಳನ್ನು ಯಾರ ಕೈಗೂ ಕೊಡಬೇಡಿ, ಬ್ರೋಕರ್ ಎಷ್ಟೇ ಪರಿಚಯದವರಾದರೂ ಸರಿ. ಜೆರಾಕ್ಸ್ ಕೊಡಿ. ಪ್ರತಿ ಹಾಳೆಯ ಮೇಲೂ "ಪರಿಶೀಲನೆಗೆ ಮಾತ್ರ" ಎಂದು ಅಡ್ಡಕ್ಕೆ ಬರೆದು ತಾರೀಕು ಹಾಕಿ.

## ಹಂತ 2: ಕೊಳ್ಳುವವರಾಗಿ ಒಂದು ಸುತ್ತು

ಒಂದು ಭಾನುವಾರ ಬೆಳಿಗ್ಗೆ ಗೇಟಿನ ಹೊರಗೆ, ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲಿ. ಅಲ್ಲಿಂದ ಒಳಗೆ ಬನ್ನಿ. ಇಪ್ಪತ್ತು ವರ್ಷ ಇದ್ದ ಮನೆಯಲ್ಲಿ ನಮ್ಮ ಕಣ್ಣು ಮೇಲೆ ಹೋಗುವುದೇ ಇಲ್ಲ. ಕೊಳ್ಳುವವರು ಮೊದಲು ನೋಡುವುದೇ ಚಾವಣಿ.

ಆಗದವರನ್ನಲ್ಲ, ನಿಮ್ಮ ಮೇಲೆ ಸ್ವಲ್ಪ ಸಲುಗೆ ಇರುವವರನ್ನು ಜೊತೆಗೆ ಕರೆದುಕೊಳ್ಳಿ. ನಮ್ಮ ಮನೆಗೆ ನನ್ನ ಅತ್ತಿಗೆ ಬಂದಿದ್ದರು. ಬಂದವರು ನೇರ ಅಡುಗೆಮನೆಗೆ ಹೋಗಿ ಸಿಂಕ್ ಕೆಳಗಿನ ಬಾಗಿಲು ತೆಗೆದು, ಬಗ್ಗಿ ಮೂಸಿ ನೋಡಿದರು. "ಇಲ್ಲಿ ನೀರು ಜಿನುಗ್ತಾ ಇದೆ ಕಣೋ" ಎಂದರು. ನಿಜವಾಗಿಯೂ ಹಿಂದಿನ ಮೂಲೆಯಲ್ಲಿ ಪ್ಲೈವುಡ್ ನೆನೆದು ಊದಿಕೊಂಡಿತ್ತು. ನಾನು ಆ ಬಾಗಿಲು ತೆಗೆದು ಎಷ್ಟು ದಿನ ಆಗಿತ್ತೋ.

ಪ್ರತಿ ಕೋಣೆಯಲ್ಲಿ ಇವಿಷ್ಟು ಮಾಡಿ: ಎಲ್ಲ ನಲ್ಲಿ ತಿರುಗಿಸಿ, ಎಲ್ಲ ಸ್ವಿಚ್ ಒತ್ತಿ, ಎಲ್ಲ ಬಾಗಿಲು-ಕಿಟಕಿ ಪೂರ್ತಿ ತೆಗೆದು ಹಾಕಿ, ಫ್ಲಶ್ ಮಾಡಿ, ಬೀರುಗಳ ಹಿಂದೆ ಟಾರ್ಚ್ ಬಿಡಿ. ಕಂಡದ್ದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆಯಿರಿ. ಏನನ್ನೂ ಅಲ್ಲೇ ಸರಿ ಮಾಡಲು ಹೋಗಬೇಡಿ. ಇವತ್ತಿನ ಕೆಲಸ ಬರೆಯುವುದಷ್ಟೇ.

## ಹಂತ 3: ಮನೆ ಹಗುರ ಮಾಡಿ

ಗಾರೆಯವರು ಬರುವ ಮುಂಚೆ ಸಾಮಾನು ಕಡಿಮೆಯಾಗಬೇಕು. ಇಲ್ಲದಿದ್ದರೆ ಒಂದು ಬೀರು ಸರಿಸಲು ಇಬ್ಬರು ಆಳು ಅರ್ಧ ದಿನ ಕಳೆಯುತ್ತಾರೆ. ಬೀರು ಹಿಂದಿನ ಗೋಡೆ ಯಾರೂ ನೋಡದೇ ಉಳಿದುಹೋಗುತ್ತದೆ.

ಮೊದಲು ಅಟ್ಟ. ನಮ್ಮೂರಿನ ಅಟ್ಟಗಳಲ್ಲಿ ದಸರಾ ಗೊಂಬೆಯ ಟ್ರಂಕು, ಹಿತ್ತಾಳೆ ಕೊಳಗ, ತಾಮ್ರದ ಹಂಡೆ, ಮಕ್ಕಳ ಹಳೇ ಪುಸ್ತಕ, ಕೆಟ್ಟ ಮಿಕ್ಸಿ ಎಲ್ಲ ಒಟ್ಟಿಗೆ ಇರುತ್ತವೆ. ಗೊಂಬೆ ಟ್ರಂಕನ್ನು ನೀವೇ ಇಳಿಸಿ, ಆಳುಗಳಿಗೆ ಬಿಡಬೇಡಿ. ಅಜ್ಜಿ ಹಳೇ ಪಂಚೆ ಚೂರಿನಲ್ಲಿ ಸುತ್ತಿಟ್ಟ ಪಟ್ಟದ ಗೊಂಬೆಗಳನ್ನು ಅಮ್ಮ ಮೊದಲು ಬಿಚ್ಚಿ ನೋಡಿ, ಮತ್ತೆ ಸುತ್ತಿ, ತಂಗಿಯ ಮನೆಗೆ ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದರು. ಇಂಥ ವಸ್ತುಗಳು ಯಾರ ಮನೆಗೆ ಎಂದು ಮೊದಲೇ ತೀರ್ಮಾನ ಆಗಲಿ. ಅದಕ್ಕೆ ಒಂದು ವಾರ ಹಿಡಿದರೂ ಅವಸರ ಮಾಡಬೇಡಿ. ಅಮ್ಮಂದಿರಿಗೆ ಇದು ಸುಲಭದ ಕೆಲಸವಲ್ಲ.

ಉಳಿದದ್ದನ್ನು ಮೂರು ಗುಡ್ಡೆ ಮಾಡಿ: ಜೊತೆಗೆ ಒಯ್ಯುವುದು, ಕೊಡುವುದು, ಗುಜರಿಗೆ ಹಾಕುವುದು. "ನೋಡೋಣ" ಎಂಬ ನಾಲ್ಕನೇ ಗುಡ್ಡೆ ಬೇಡ. ಎಲ್ಲವೂ ಅದಕ್ಕೇ ಹೋಗಿ ಸೇರುತ್ತದೆ.

ಸಾಮಾನ್ಯ ತಪ್ಪು: ಸಾಮಾನನ್ನೆಲ್ಲ ಒಂದು ಕೋಣೆಗೆ ತುಂಬಿ ಬೀಗ ಹಾಕುವುದು. ಬೀಗ ಹಾಕಿದ ಕೋಣೆ ಕಂಡರೆ ಕೊಳ್ಳುವವರಿಗೆ ಅನುಮಾನ. ಒಳಗೆ ಏನೋ ಮುಚ್ಚಿಟ್ಟಿದ್ದಾರೆ ಎಂದೇ ತಿಳಿಯುತ್ತಾರೆ.

## ಹಂತ 4: ನೀರು ಎಲ್ಲಿಂದ ಬರುತ್ತಿದೆ?

ಇಡೀ ಬರಹದಲ್ಲಿ ಒಂದೇ ಹಂತ ಓದುವಿರಾದರೆ ಇದನ್ನು ಓದಿ. ಗೋಡೆ ಒದ್ದೆಯಾದ ಕೂಡಲೇ ಎಲ್ಲರೂ "ವಾಟರ್‌ಪ್ರೂಫ್ ಹೊಡೆಸಿ" ಎನ್ನುತ್ತಾರೆ. ನೀರು ಬರುವ ದಾರಿ ಗೊತ್ತಿಲ್ಲದೆ ಹೊಡೆಸಿದ್ದು ಎಲ್ಲವೂ ದಂಡ.

ದಾರಿ ಹುಡುಕುವುದು ಕಷ್ಟವಲ್ಲ. ಒದ್ದೆ ಜಾಗದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಎರಡು ವಾರ ನೋಡಿ.

ಮಳೆ ಬಂದಾಗ ಮಾತ್ರ ಗೆರೆ ದಾಟಿ ಹರಡಿದರೆ ತಾರಸಿಯಿಂದಲೋ ಹೊರಗೋಡೆಯ ಬಿರುಕಿನಿಂದಲೋ ಬರುತ್ತಿದೆ. ಮಳೆ ಇರಲಿ ಬಿಡಲಿ ಒಂದೇ ಸಮನೆ ಒದ್ದೆ ಇದ್ದು, ಗೋಡೆಯ ಆಚೆ ಬಚ್ಚಲುಮನೆ ಇದ್ದರೆ ಪೈಪು ಸೋರುತ್ತಿದೆ. ನೆಲದಿಂದ ಶುರುವಾಗಿ ಎರಡು ಮೂರು ಅಡಿ ಎತ್ತರಕ್ಕೆ ಹೋಗಿ ನಿಂತು, ಬಿಳಿ ಉಪ್ಪು ಕಟ್ಟಿದ್ದರೆ ಮಣ್ಣಿನ ತೇವ ಮೇಲೇರುತ್ತಿದೆ.

ಇನ್ನೊಂದು ಪರೀಕ್ಷೆ ಇದೆ. ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಬದಿ ಟೇಪು ಹಚ್ಚಿ. ಒಂದು ದಿನ ಬಿಟ್ಟು ತೆಗೆಯಿರಿ. ಹಾಳೆಯ ಒಳಬದಿ ಹನಿ ಕಟ್ಟಿದ್ದರೆ ತೇವ ಗೋಡೆಯೊಳಗಿದೆ. ಹೊರಬದಿ ಹನಿ ಇದ್ದರೆ ಕೋಣೆಯಲ್ಲಿ ಗಾಳಿ ಆಡುತ್ತಿಲ್ಲ ಎಂದರ್ಥ. ಕಿಟಕಿ ತೆರೆದಿಟ್ಟರೆ ಅರ್ಧ ಸರಿಹೋಗುತ್ತದೆ.

ತಾರಸಿ. ಮಳೆನೀರಿನ ಕಿಂಡಿಗಳನ್ನು ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಡಿ. ಕೆಳಗೆ ಕೋಣೆ ಕೋಣೆಗೂ ಹೋಗಿ ಚಾವಣಿಗೆ ಟಾರ್ಚ್ ಬಿಟ್ಟು ನೋಡಿ. ಆಮೇಲೆ ಕಿಂಡಿ ತೆಗೆಯಿರಿ. ಎಲ್ಲ ನೀರು ಹೋದ ಮೇಲೂ ಎಲ್ಲಿ ನೀರು ನಿಂತಿರುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಗಾರೆಯವರಿಗೆ ತೋರಿಸಬೇಕಾದ ಜಾಗ ಅದೇ.

ಎಚ್ಚರಿಕೆ: ಈ ಪರೀಕ್ಷೆ ಕಾಂಕ್ರೀಟ್ ತಾರಸಿಗೆ ಮಾತ್ರ. ಅಗ್ರಹಾರ, ಕೆ.ಆರ್. ಮೊಹಲ್ಲಾ ಕಡೆಯ ಹಳೇ ಮನೆಗಳಲ್ಲಿ ಮರದ ತೊಲೆಯ ಮೇಲೆ ನಿಂತ ಮದ್ರಾಸ್ ತಾರಸಿ ಇರುತ್ತದೆ. ಎರಡು ಇಂಚು ನೀರು ಅಂದರೆ ಒಂದು ಚದರ ಮೀಟರಿಗೆ ಸುಮಾರು 50 ಕೆಜಿ ಭಾರ. ಅಂಥ ಮನೆಯಲ್ಲಿ ನೀರು ನಿಲ್ಲಿಸಲೇಬೇಡಿ.

ತಾರಸಿಯಲ್ಲಿ ಬಿರುಕಿಗಿಂತ ಮುಂಚೆ ನೋಡಬೇಕಾದ್ದು ಸೋಲಾರ್ ಹೀಟರ್. ಅದರ ಪೈಪಿನ ಜೋಡಣೆಯಲ್ಲಿ ಹನಿ ಹನಿ ಸೋರಿ ಅಲ್ಲೇ ಪಾಚಿ ಕಟ್ಟಿರುತ್ತದೆ. ಟ್ಯಾಂಕ್ ತುಂಬಿ ಹೊರಚೆಲ್ಲುವ ಪೈಪು ನೇರ ಗೋಡೆಗೆ ಬೀಳುತ್ತಿರುತ್ತದೆ. ಹೂಕುಂಡಗಳ ಕೆಳಗೆ ವರ್ಷಗಟ್ಟಲೆ ನೀರು ನಿಂತಿರುತ್ತದೆ. ನಮ್ಮ ಮನೆಯ ಕಿಟಕಿ ಕೆಳಗಿನ ಒದ್ದೆಗೆ ಕಾರಣ ಸಜ್ಜೆಯ ಮೇಲೆ ಬಿದ್ದ ಮಾವಿನ ಎಲೆ. ಎಲೆ ಕೊಳೆತು ಕಿಂಡಿ ಮುಚ್ಚಿತ್ತು, ಸಜ್ಜೆ ಮೇಲೆ ನಿಂತ ನೀರು ಗೋಡೆಗೆ ಇಳಿಯುತ್ತಿತ್ತು. ಹತ್ತು ನಿಮಿಷದ ಕೆಲಸ ಬಿಟ್ಟು 85 ಸಾವಿರದ ಬಣ್ಣ ಹೊಡೆಸಿದ್ದೆ.

ಪೈಪು. ರಾತ್ರಿ ಎಲ್ಲ ನಲ್ಲಿ ಮುಚ್ಚಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಒಳಗಡೆ ಗುರುತು ಹಾಕಿ. ಯಾರೂ ನೀರು ಬಳಸಬಾರದು. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಮೊದಲು ಫ್ಲಶ್ ಟ್ಯಾಂಕ್ ನೋಡಿ, ಆಮೇಲೆ ಗೋಡೆ ಒಡೆಯುವ ಮಾತು. ಸಂಪಿಗೂ ಇದೇ ಪರೀಕ್ಷೆ.

ನೆಲದ ತೇವ. ಹೊರಗೆ ಹೋಗಿ ನೋಡಿ. ಗೋಡೆಗೆ ಒತ್ತಿಕೊಂಡು ಹೂವಿನ ಪಾತಿ ಇದೆಯೇ? ಕಾಂಪೌಂಡಿನ ಒಳಗೆ ಹೊಸದಾಗಿ ಕಲ್ಲು ಹಾಸಿದಾಗ ನೆಲ ಎತ್ತರವಾಗಿ ಮನೆಯ ಪಾಯದ ಮಟ್ಟಕ್ಕೆ ಬಂದಿದೆಯೇ? ಪಾತಿ ತೆಗೆಸಿ, ನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರು ಮಾಡಿಸಿ. ಒಳಗಡೆಯಿಂದ ಮಾತ್ರ ವಾಟರ್‌ಪ್ರೂಫ್ ಬಳಿದರೆ ತೇವ ನಿಲ್ಲುವುದಿಲ್ಲ, ಇನ್ನೂ ಒಂದಡಿ ಮೇಲೇರುತ್ತದೆ ಅಷ್ಟೇ.

ಉಪ್ಪು ಕಟ್ಟಿದ ಜಾಗವನ್ನು ನೀರು ಹಾಕಿ ತೊಳೆಯಬೇಡಿ. ಉಪ್ಪು ಕರಗಿ ಮತ್ತೆ ಗೋಡೆಗೇ ಹೋಗುತ್ತದೆ. ಒಣ ತಂತಿ ಬ್ರಷ್‌ನಲ್ಲಿ ಉಜ್ಜಿ ಪುಡಿಯನ್ನು ಪೇಪರಿನ ಮೇಲೆ ಬೀಳಿಸಿ ಎಸೆಯಿರಿ. ವಾರಕ್ಕೊಮ್ಮೆ ಹೀಗೆ ಮೂರು ನಾಲ್ಕು ಸಲ.

## ಹಂತ 5: ಗಾರೆ ಕೆಲಸ, ಆಮೇಲೆ ಕಾಯುವುದು

ನೀರು ಬರುವುದು ನಿಂತಿದೆ ಎಂದು ಖಾತ್ರಿಯಾದ ಮೇಲೆ ಕೆಟ್ಟ ಪ್ಲಾಸ್ಟರ್ ಕೆತ್ತಿಸಿ. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬರುವ ಜಾಗವನ್ನೆಲ್ಲ ಕೆತ್ತಬೇಕು. ಒದ್ದೆ ಕಾಣುವ ಗೆರೆಗಿಂತ ಒಂದಡಿ ಮೇಲಿನವರೆಗೆ ತೆಗೆಸಿದರೆ ಒಳ್ಳೆಯದು.

ಬಿರುಕುಗಳಲ್ಲಿ ಎರಡು ಥರ. ಕೂದಲೆಳೆಯಂತೆ ಬಲೆಬಲೆಯಾಗಿ ಇರುವುದು ಪ್ಲಾಸ್ಟರಿನ ಬಿರುಕು, ಹೆದರುವುದು ಬೇಡ. ಕಿಟಕಿ-ಬಾಗಿಲಿನ ಮೂಲೆಯಿಂದ ಓರೆಯಾಗಿ ಏರುವುದು, ಒಂದು ಕಡೆ ಅಗಲವಾಗುತ್ತಾ ಹೋಗುವುದು, ಗೋಡೆಯ ಎರಡೂ ಬದಿ ಕಾಣುವುದು, ಇವು ಬೇರೆ. ಅಂಥ ಬಿರುಕಿಗೆ ಅಡ್ಡಲಾಗಿ ತೆಳು ಕಾಗದದ ಪಟ್ಟಿ ಬಿಗಿಯಾಗಿ ಅಂಟಿಸಿ ತಾರೀಕು ಬರೆಯಿರಿ. ಕಾಗದ ಹರಿದರೆ ಬಿರುಕು ಇನ್ನೂ ಬೆಳೆಯುತ್ತಿದೆ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ, ಬರವಣಿಗೆಯಲ್ಲಿ ಅಭಿಪ್ರಾಯ ತೆಗೆದುಕೊಳ್ಳಿ. ಪುಟ್ಟಿ ತುಂಬಿ ಮುಚ್ಚಬೇಡಿ.

ಇದು ಬರೀ ಒಳ್ಳೆಯತನದ ಮಾತಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಮಾರುವವರಿಗೆ ಗೊತ್ತಿರುವ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನು ಮಾರುವವರೇ ಹೇಳಬೇಕು. "ಇಲ್ಲಿ ಸೋರುತ್ತಿತ್ತು, ಹೀಗೆ ಸರಿ ಮಾಡಿಸಿದ್ದೇವೆ, ಬಿಲ್ಲು ಇಲ್ಲಿದೆ" ಎಂದು ತೋರಿಸಿದ ಮನೆಗೆ ಬೆಲೆ ಬಿದ್ದದ್ದನ್ನು ನಾನು ನೋಡಿಲ್ಲ. ಅದಕ್ಕೇ ಪ್ರತಿ ಕೆಲಸಕ್ಕೂ ಮುಂಚೆ ಒಂದು, ಆಮೇಲೆ ಒಂದು ಫೋಟೋ ತೆಗೆದಿಡಿ. ಬಿಲ್ಲನ್ನು ಫೈಲಿಗೆ ಸೇರಿಸಿ.

ಹೊಸ ಪ್ಲಾಸ್ಟರಿಗೆ ಏಳು ದಿನ ನೀರು ಹಾಕಬೇಕು, ಆಮೇಲೆ ಮೂರು ನಾಲ್ಕು ವಾರ ಒಣಗಬೇಕು. ಈ ದಿನಗಳಲ್ಲೇ "ಒಣಗಿದೆ ಸಾರ್, ನಾಳೆ ಶುರು ಮಾಡ್ಬಿಡ್ತೀನಿ" ಎನ್ನುವ ಪೇಂಟರ್ ಬರುತ್ತಾರೆ. ಕೈಗೆ ಒಣಗಿದೆ ಅನ್ನಿಸಿದರೂ ಒಳಗೆ ತೇವ ಇರುತ್ತದೆ. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮತ್ತೆ ಮಾಡಿ. ಹಾಳೆ ಒಣಗಿ ಬಂದ ಮೇಲೆ ಬ್ರಷ್ ಮುಟ್ಟಿಸಿ.

## ಹಂತ 6: ಗೋಡೆ ಒಣಗುವಷ್ಟರಲ್ಲಿ ಸಣ್ಣ ಕೆಲಸಗಳು

ಕರೆಂಟು: ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ತಾನೇ ಕಡಿತ ಮಾಡುವ ಸ್ವಿಚ್) ಪರೀಕ್ಷಾ ಗುಂಡಿ ಒತ್ತಿ. ತಕ್ಷಣ ಟ್ರಿಪ್ ಆಗಬೇಕು. ಆಗದಿದ್ದರೆ ಬದಲಾಯಿಸಿ. ಕಪ್ಪಾದ ಸ್ವಿಚ್ ಪ್ಲೇಟು, ಸದ್ದು ಮಾಡುವ ಫ್ಯಾನು, ಮಿಣಮಿಣ ಅನ್ನುವ ಟ್ಯೂಬ್‌ಲೈಟು ತೆಗೆಸಿ. ಒಂದು ಕೋಣೆಯಲ್ಲಿ ಎಲ್ಲ ಬಲ್ಬೂ ಒಂದೇ ಬಣ್ಣದ ಬೆಳಕಿನದಿರಲಿ.

ಬಾಗಿಲು: ಮಳೆಗಾಲದಲ್ಲಿ ಬಿಗಿಯಾದ ಬಾಗಿಲನ್ನು ಮಳೆಗಾಲದಲ್ಲೇ ತೋಪಡ ಹೊಡೆಸಿದರೆ ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಒಣಗಿದ ಮೇಲೂ ಬಿಗಿ ಇದ್ದರೆ ಮಾತ್ರ ಬಡಗಿಯನ್ನು ಕರೆಸಿ. ಅಷ್ಟರವರೆಗೆ ಕೀಲಿಗೆ ಎಣ್ಣೆ ಬಿಟ್ಟರೆ ಸಾಕು.

ಗೆದ್ದಲು: ಬಾಗಿಲ ಚೌಕಟ್ಟಿನ ಬುಡದಲ್ಲಿ, ಬೀರು ಹಿಂದೆ, ಅಟ್ಟದ ಮೂಲೆಯಲ್ಲಿ ಮಣ್ಣಿನ ಗೆರೆ ಹುಡುಕಿ. ಗೆರೆ ಒರೆಸಿ ಬಿಟ್ಟರೆ ಹುಳು ಹೋಗುವುದಿಲ್ಲ. ಔಷಧಿ ಹೊಡೆಸಿ ರಸೀದಿ ಇಟ್ಟುಕೊಳ್ಳಿ.

ಸಂಪು ಮತ್ತು ಟ್ಯಾಂಕು ತೊಳೆಸಿ. ಕೊಳ್ಳುವವರ ಜೊತೆ ಬರುವ ಹಿರಿಯರು ಸಂಪಿನ ಮುಚ್ಚಳ ತೆಗೆಸಿಯೇ ತೀರುತ್ತಾರೆ.

## ಹಂತ 7: ಈಗ ಬಣ್ಣ

ಚಾವಣಿ, ಗೋಡೆ, ಮರ, ಗ್ರಿಲ್. ಈ ಕ್ರಮದಲ್ಲೇ ಮಾಡಿಸಿ. ಗ್ರಿಲ್ ಮೊದಲು ಮುಗಿಸಿದರೆ ಗೋಡೆಯ ಹನಿ ಅದರ ಮೇಲೆ ಬೀಳುತ್ತದೆ. ಗ್ರಿಲ್‌ನ ತುಕ್ಕು ಉಜ್ಜದೆ ಬಣ್ಣ ಬಳಿಯಲು ಬಿಡಬೇಡಿ. ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಆಮೇಲೆ ಎನಾಮಲ್.

ಬಣ್ಣ ತಿಳಿಯಾಗಿರಲಿ. ಕೆನೆ ಬಿಳಿ, ತಿಳಿ ಬೂದು, ತಿಳಿ ಹಳದಿ ಸಾಕು. ಮಗಳಿಗೆ ಇಷ್ಟ ಅಂತ ಹೊಡೆಸಿದ್ದ ನೇರಳೆ ಗೋಡೆ ನಿಮಗೆ ಪ್ರೀತಿಯದೇ ಇರಬಹುದು. ಬರುವವರು ಅಲ್ಲಿ ತಮ್ಮ ಮಂಚ, ತಮ್ಮ ಬೀರು ಇಟ್ಟು ನೋಡುತ್ತಾರೆ. ಅದಕ್ಕೆ ಗೋಡೆ ಸುಮ್ಮನಿರಬೇಕು.

ದೇವರ ಮನೆ ಮತ್ತು ಅಡುಗೆಮನೆಗೆ ಬೇರೆ ಎಚ್ಚರ ಬೇಕು. ದೀಪದ ಮಸಿ, ಎಣ್ಣೆ ಹೊಗೆ ಹಿಡಿದ ಗೋಡೆಗೆ ನೇರ ಬಣ್ಣ ಹೊಡೆದರೆ ಒಂದೇ ತಿಂಗಳಲ್ಲಿ ಹಳದಿ ಕಲೆ ಮೇಲೆ ಬರುತ್ತದೆ. ಮಸಿಯನ್ನು ಮೊದಲು ಒಣ ಸ್ಪಂಜಿನಲ್ಲಿ ತೆಗೆಯಿರಿ. ನೀರು ಮುಟ್ಟಿಸಿದರೆ ಹರಡುತ್ತದೆ. ಆಮೇಲೆ ಸೋಪಿನ ನೀರು, ಅದು ಒಣಗಿದ ಮೇಲೆ ಕಲೆ ತಡೆಯುವ ಎಣ್ಣೆ ಪ್ರೈಮರ್.

ಬಣ್ಣ ಮುಗಿದ ಮೇಲೆ ಒಂದು ವಾರ ಕಿಟಕಿ ತೆರೆದಿಡಿ. ಬಣ್ಣದ ವಾಸನೆ ಹೊಡೆಯುತ್ತಿರುವ ಮನೆ ನೋಡಿದವರು, ಏನನ್ನು ಮುಚ್ಚಲು ಹೊಡೆಸಿದ್ದಾರೋ ಎಂದು ಹುಡುಕಲು ಶುರು ಮಾಡುತ್ತಾರೆ.

## ಹಂತ 8: ನೆಲ, ಬಚ್ಚಲು, ಅಡುಗೆಮನೆ

ಮೈಸೂರಿನ ಹಳೇ ಮನೆಗಳ ಕೆಂಪು ಆಕ್ಸೈಡ್ ನೆಲವನ್ನು ದಯವಿಟ್ಟು ಟೈಲ್ಸ್ ಹಾಕಿ ಮುಚ್ಚಬೇಡಿ. ಈಗ ಅಂಥ ನೆಲ ಹುಡುಕಿಕೊಂಡು ಬರುವವರಿದ್ದಾರೆ. ಅದನ್ನು ಹಾಳು ಮಾಡುವುದು ಆಸಿಡ್. ಕ್ಲೀನಿಂಗ್‌ಗೆ ಬಂದವರು ಬೇಗ ಆಗಲಿ ಅಂತ ಆಸಿಡ್ ಸುರಿಯುತ್ತಾರೆ, ಸಿಮೆಂಟ್ ಕರಗಿ ನೆಲ ಮಂಕಾಗುತ್ತದೆ. ಆ ಹೊಳಪು ಮತ್ತೆ ಬರುವುದಿಲ್ಲ. ಮೊಸಾಯಿಕ್ ನೆಲಕ್ಕೂ ಇದೇ ಮಾತು. ಮೆತ್ತನೆ ಸೋಪಿನ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ, ನೆಲದ ಮೇಣವನ್ನು ತೆಳುವಾಗಿ ಹಚ್ಚಿ ಬಟ್ಟೆಯಲ್ಲಿ ತಿಕ್ಕಿ. ಮಂಚದ ಕೆಳಗಿನ ಒಂದು ಮೂಲೆಯಲ್ಲಿ ಮೊದಲು ಮಾಡಿ ನೋಡಿ.

ಬಚ್ಚಲುಮನೆಯ ಟೈಲ್ಸ್ ಮೇಲಿನ ಬಿಳಿ ಕಲೆ ಬೋರ್‌ವೆಲ್ ನೀರಿನದು. ವಿನೆಗರ್ ಅಥವಾ ನಿಂಬೆರಸ ಹಚ್ಚಿ ಅರ್ಧ ಗಂಟೆ ಬಿಟ್ಟು ತಿಕ್ಕಿದರೆ ಹೋಗುತ್ತದೆ. ಬಳಸದ ಬಚ್ಚಲಿನಿಂದ ಮೋರಿ ವಾಸನೆ ಬರುತ್ತಿದೆಯೇ? ಜಾಲರಿಯ ಕೆಳಗೆ ನಿಂತಿರಬೇಕಾದ ನೀರು ಆರಿಹೋಗಿದೆ, ಅಷ್ಟೇ. ಎರಡು ಚೊಂಬು ನೀರು ಹಾಕಿ. ಖಾಲಿ ಮನೆಯಾದರೆ ನಾಲ್ಕು ದಿನಕ್ಕೊಮ್ಮೆ ಹೋಗಿ ಹಾಕಬೇಕು. ವಾಸನೆಯಿಂದ ಕೆಟ್ಟ ವ್ಯಾಪಾರ ಬಿರುಕಿನಿಂದ ಕೆಟ್ಟದ್ದಕ್ಕಿಂತ ಜಾಸ್ತಿ ಕಂಡಿದ್ದೇನೆ.

ಅಡುಗೆ ಕಟ್ಟೆಯ ಮೇಲೆ ಒಲೆ ಮತ್ತು ನೀರಿನ ಫಿಲ್ಟರ್ ಬಿಟ್ಟು ಏನೂ ಬೇಡ.

## ಹಂತ 9: ಗೇಟಿನಿಂದ ಹೊಸಿಲವರೆಗೆ

ಗೇಟು ಸದ್ದಿಲ್ಲದೆ ತೆಗೆಯಬೇಕು. ಮನೆ ನಂಬರು ರಸ್ತೆಯಿಂದ ಕಾಣಬೇಕು. ಚಪ್ಪಲಿ ಸ್ಟ್ಯಾಂಡನ್ನು ಬಾಗಿಲ ಎದುರಿನಿಂದ ಪಕ್ಕಕ್ಕೆ ಸರಿಸಿ. ತುಳಸಿ ಕಟ್ಟೆಗೆ ಕೆಮ್ಮಣ್ಣು ಬಳಿದು, ಒಣಗಿದ ಗಿಡ ಬದಲಾಯಿಸಿ. ಈಶಾನ್ಯ ಮೂಲೆಯಲ್ಲಿ ಹಳೇ ಸೈಕಲ್ಲು, ಮುರಿದ ಬಕೆಟ್ಟು ಇದ್ದರೆ ತೆಗೆಯಿರಿ. ಈಗ ಎಲ್ಲರೂ ಮೊಬೈಲ್‌ನಲ್ಲೇ ದಿಕ್ಕು ನೋಡುತ್ತಾರೆ. ಆದರೆ ವಾಸ್ತು ಅಂತ ಗೋಡೆ ಒಡೆಸಲು ಹೋಗಬೇಡಿ. ಒಬ್ಬರ ವಾಸ್ತು ಇನ್ನೊಬ್ಬರಿಗೆ ಒಪ್ಪಿಗೆಯಾಗುವುದಿಲ್ಲ, ಒಡೆಸಿದ ದುಡ್ಡು ವಾಪಸ್ಸು ಬರುವುದಿಲ್ಲ.

## ಹಂತ 10: ಫೋಟೋ

ಪೂರ್ವದ ಬಾಗಿಲಿನ ಮನೆಯ ಮುಂಭಾಗವನ್ನು ಬೆಳಿಗ್ಗೆ 8ರಿಂದ 9ರೊಳಗೆ, ಪಶ್ಚಿಮದ್ದನ್ನು ಸಂಜೆ 4ರಿಂದ 5ರೊಳಗೆ ತೆಗೆಯಿರಿ. ಮೊಬೈಲ್ ಅಡ್ಡ ಹಿಡಿದು, ಎದೆ ಎತ್ತರದಲ್ಲಿ, ಕೋಣೆಯ ಮೂಲೆಯಲ್ಲಿ ನಿಂತು ತೆಗೆದರೆ ಕೋಣೆ ಸರಿಯಾಗಿ ಬರುತ್ತದೆ. ಕರ್ಟನ್ ಸರಿಸಿ, ಫ್ಲ್ಯಾಶ್ ಬೇಡ. ಮೊದಲ ಚಿತ್ರ ಮನೆಯ ಮುಂಭಾಗದ್ದೇ ಇರಲಿ.

ಮಕ್ಕಳ ಫೋಟೋ, ದೇವರ ಬೆಳ್ಳಿ ಸಾಮಾನು, ಬೀರುವಿನ ಬೀಗ ಯಾವುದೂ ಚಿತ್ರದಲ್ಲಿ ಬರಬಾರದು. ಜಾಹೀರಾತು ಯಾರ ಕೈಗೆ ಸೇರುತ್ತದೋ ಗೊತ್ತಿಲ್ಲ.

ಮನೆ ಪೂರ್ತಿ ಖಾಲಿ ಮಾಡಿ ತೋರಿಸುವುದಕ್ಕಿಂತ ಒಂದು ಮಂಚ, ಎರಡು ಕುರ್ಚಿ ಬಿಡುವುದು ಒಳ್ಳೆಯದು. ಖಾಲಿ ಕೋಣೆ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

## ಹಂತ 11: ಮನೆ ತೋರಿಸುವ ದಿನ

ಬೆಂಗಳೂರಿನಿಂದ ಬರುವವರು ಶನಿವಾರ, ಭಾನುವಾರವೇ ಬರುತ್ತಾರೆ. 2023ರಲ್ಲಿ ದಶಪಥ ಹೆದ್ದಾರಿ ಆದ ಮೇಲೆ ತಿಂಡಿ ಮುಗಿಸಿ ಹೊರಟವರು 11 ಗಂಟೆಗೆ ನಿಮ್ಮ ಗೇಟಿನ ಮುಂದೆ ಇರುತ್ತಾರೆ. 10ಕ್ಕೆಲ್ಲ ಮನೆ ಗುಡಿಸಿ ಒರೆಸಿ ಆಗಿರಲಿ. ಒಗ್ಗರಣೆ, ಮೀನು ಸಾರು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ನಾಯಿ ಇದ್ದರೆ ಪಕ್ಕದ ಮನೆಗೆ ಬಿಡಿ. ಒಡವೆ, ನಗದು, ಮೂಲ ಪತ್ರ ಮನೆಯಲ್ಲಿ ಇರಬಾರದು. ಬಾಡಿಗೆದಾರರು ಇದ್ದರೆ ಒಂದು ದಿನ ಮುಂಚೆ ಕೇಳಿ ಒಪ್ಪಿಗೆ ಪಡೆಯಿರಿ, ಅವರ ಮನೆ ಅದು.

ಬಾಗಿಲು ತೆರೆದು, ನೀರು ಕೊಟ್ಟು, ಹಿಂದೆ ಸರಿಯಿರಿ. ಕೋಣೆ ಕೋಣೆಗೂ ಹಿಂದೆ ಹೋಗಿ "ಇದು ತೇಗ, ಇದು ನಾವೇ ಮಾಡಿಸಿದ್ದು" ಎನ್ನುತ್ತಿದ್ದರೆ ಅವರು ತಮ್ಮೊಳಗೆ ಮಾತಾಡಿಕೊಳ್ಳಲು ಆಗುವುದಿಲ್ಲ. ಕೇಳಿದ್ದಕ್ಕೆ ನೇರ ಉತ್ತರ ಕೊಡಿ. ಕಾವೇರಿ ನೀರು ದಿನ ಬಿಟ್ಟು ದಿನ ಬರುವುದಾದರೆ ಹಾಗೇ ಹೇಳಿ. ಏಕೆ ಮಾರುತ್ತಿದ್ದೀರಿ ಎಂಬ ಪ್ರಶ್ನೆಗೆ ಒಂದೇ ಸಾಲಿನ ನಿಜವಾದ ಉತ್ತರ ಸಿದ್ಧವಿರಲಿ. ಮನೆಯಲ್ಲಿ ಎಲ್ಲರೂ ಅದನ್ನೇ ಹೇಳಲಿ.

ಮೊದಲ ಭೇಟಿಯಲ್ಲೇ ಬೆಲೆ ಇಳಿಸಬೇಡಿ. ಆದರೆ ಅವರ ಖರ್ಚಿನ ಲೆಕ್ಕವೂ ನಿಮಗೆ ತಿಳಿದಿರಲಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ರಿಪೇರಿಗೆ ಹಾಕಿದ ದುಡ್ಡನ್ನೆಲ್ಲ ಬೆಲೆಗೆ ಸೇರಿಸಿ ಹೇಳಿದರೆ ಅವರು ಮೇಲೇಳುತ್ತಾರೆ.

ಅವರು ಹೋದ ಕೂಡಲೇ ನೋಟ್‌ಬುಕ್ ತೆಗೆಯಿರಿ. ಎಲ್ಲಿ ಜಾಸ್ತಿ ಹೊತ್ತು ನಿಂತರು, ಏನು ಮುಟ್ಟಿ ನೋಡಿದರು, ಯಾವ ಪ್ರಶ್ನೆ ಎರಡು ಸಲ ಕೇಳಿದರು ಬರೆಯಿರಿ. ಮೂರು ಕುಟುಂಬ ಒಂದೇ ಜಾಗದಲ್ಲಿ ಮುಖ ಸಿಂಡರಿಸಿದರೆ ನಾಲ್ಕನೆಯವರು ಬರುವ ಮುಂಚೆ ಅದನ್ನು ಸರಿ ಮಾಡಿಸಿ. ರಾಮಕೃಷ್ಣನಗರದ ಮನೆಯಲ್ಲಿ ಎಲ್ಲರೂ ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆಯ ಹತ್ತಿರ ನಿಲ್ಲುತ್ತಿದ್ದರು. ಅಲ್ಲಿ ಒಂದು ಬಲ್ಬು ಹಾಕಿಸಿದೆವು, ಎರಡು ವಾರದಲ್ಲಿ ಅಡ್ವಾನ್ಸ್ ಬಂತು.

ಅಡ್ವಾನ್ಸ್ ಪಡೆಯುವ ದಿನ ಮನೆಯಲ್ಲಿ ಉಳಿಯುವ ಸಾಮಾನಿನ ಪಟ್ಟಿಯನ್ನು ಕರಾರು ಪತ್ರದಲ್ಲೇ ಬರೆಸಿ: ಫ್ಯಾನು ಎಷ್ಟು, ಗೀಸರ್, ಸೋಲಾರ್, ಯುಪಿಎಸ್, ಮೋಟರ್, ಚಿಮಣಿ. ಆಮೇಲೆ ಬೀಗದ ಕೈಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿ, ಯಾವ ಬಾಗಿಲಿನದು ಎಂದು ಚೀಟಿ ಕಟ್ಟಿ ಒಂದೇ ಗೊಂಚಲು ಮಾಡಿಡಿ. ಸಂಪಿನ ಮುಚ್ಚಳದ ಬೀಗದ ಕೈ ಮರೆಯಬೇಡಿ.